ಆದೇಶದಿಂದ ಬಂದ ರಜೆ, ಆದೇಶದಿಂದಲೇ ಹೋಯಿತು!

(ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿನ ಕೆಲಸಕ್ಕೆ ಇಳಿದವನು. ವರ್ಷದ ಕೊನೆಗೆ ಕ್ಯಾಲೆಂಡರ್ ಅಚ್ಚು ಹಾಕುವುದೇ ನಮಗೆ ಸುಗ್ಗಿ. ಸರ್ಕಾರದ ರಜಾ ಪಟ್ಟಿ ಬರುವ ತನಕ ನಮ್ಮ ಕೆಂಪು ಪ್ಲೇಟು ಸಿದ್ಧವಾಗುವುದಿಲ್ಲ. ಯಾವ ತಾರೀಖು ಕೆಂಪು, ಯಾವುದು ಕಪ್ಪು ಎಂದು ತೀರ್ಮಾನಿಸುವವರು ಯಾರು? ಎಂದಾದರೂ ಯೋಚಿಸಿದ್ದೀರಾ? ಈ ಪ್ರಶ್ನೆಯನ್ನು ಹಿಡಿದು ಇಪ್ಪತ್ತೆರಡು ವರ್ಷ ಕಾದ ಒಂದು ದೇಶವಿದೆ. ಅದು ದಕ್ಷಿಣ ಕೊರಿಯಾ.

ಅಲ್ಲಿ ಅಕ್ಟೋಬರ್ 9 ಹಂಗುಲ್ ದಿನ. ಹಂಗುಲ್ ಎಂದರೆ ಕೊರಿಯನ್ ಭಾಷೆಯ ಲಿಪಿ. ಹೌದು, ಒಂದು ಲಿಪಿಗಾಗಿ ರಾಷ್ಟ್ರೀಯ ದಿನ! ಹಿಂದೆ ಅವರು ಚೀನೀ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಸಾವಿರಾರು ಅಕ್ಷರ ಕಲಿಯಲು ಬಡವನಿಗೆ ಪುರುಸೊತ್ತೆಲ್ಲಿ? ದೊರೆ ಸೇಜೋಂಗ್ 1443ರಲ್ಲಿ 28 ಅಕ್ಷರಗಳ ಹೊಸ ಲಿಪಿ ರೂಪಿಸಿ, 1446ರಲ್ಲಿ ಪ್ರಜೆಗಳಿಗೆ ಕೊಟ್ಟ. ಆಸ್ಥಾನದ ವಿದ್ವಾಂಸರೇ ಅದನ್ನು ವಿರೋಧಿಸಿದ್ದರು. ಜಪಾನಿನ ಆಳ್ವಿಕೆಯ ಕಾಲದಲ್ಲಿ, 1926ರಲ್ಲಿ, ಭಾಷಾಭಿಮಾನಿಗಳು ಮೊದಲ ಬಾರಿಗೆ ಈ ದಿನ ಆಚರಿಸಿದರು. 1942ರಲ್ಲಿ ನಿಘಂಟು ಕಟ್ಟುತ್ತಿದ್ದ ವಿದ್ವಾಂಸರನ್ನು ಜಪಾನೀ ಪೊಲೀಸರು ಸೆರೆಗೆ ತಳ್ಳಿದರು. ಇಬ್ಬರು ಸೆರೆಯಲ್ಲೇ ಪ್ರಾಣ ಬಿಟ್ಟರು. ಇಷ್ಟೆಲ್ಲ ಆದ ಮೇಲೆ, ಸ್ವತಂತ್ರ ಕೊರಿಯಾದಲ್ಲಿ 1949ರಲ್ಲಿ ಅದು ಸರ್ಕಾರಿ ರಜೆಯಾಯಿತು.

ಇಲ್ಲೇ ಇದೆ ನೋಡಿ ಸೂಕ್ಷ್ಮ. ಅದೇ 1949ರಲ್ಲಿ ಅಲ್ಲಿನ ಸಂಸತ್ತು ರಾಷ್ಟ್ರೀಯ ದಿನಗಳ ಕಾಯ್ದೆ ಮಾಡಿತು. ಅದರಲ್ಲಿ ನಾಲ್ಕೇ ದಿನ: ಮಾರ್ಚ್ 1ರ ದಂಗೆಯ ದಿನ, ಜುಲೈ 17ರ ಸಂವಿಧಾನ ದಿನ, ಆಗಸ್ಟ್ 15ರ ವಿಮೋಚನಾ ದಿನ, ಅಕ್ಟೋಬರ್ 3ರ ರಾಷ್ಟ್ರ ಸ್ಥಾಪನಾ ದಿನ. ಹಂಗುಲ್ ದಿನ ಆ ಕಾಯ್ದೆಯಲ್ಲಿ ಇರಲಿಲ್ಲ. ಅದಕ್ಕೆ ರಜೆ ಕೊಟ್ಟದ್ದು ಸರ್ಕಾರದ ಆದೇಶ ಮಾತ್ರ.

ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಯಿತು! ಅಕ್ಟೋಬರ್ ತಿಂಗಳಲ್ಲಿ ರಜೆ ಹೆಚ್ಚಾಯಿತು, ಉತ್ಪಾದನೆ ಕುಂಠಿತವಾಗುತ್ತಿದೆ ಎಂದು ಉದ್ಯಮಿಗಳು ದೂರಿದರು. 1990ರಲ್ಲಿ ಸರ್ಕಾರ ತೀರ್ಮಾನ ಮಾಡಿತು. 1991ರಿಂದ ಹಂಗುಲ್ ದಿನ ಕೆಲಸದ ದಿನವಾಯಿತು. ಅಕ್ಟೋಬರ್ 1ರ ಸೇನಾ ದಿನದ ರಜೆಯೂ ಅದರ ಜೊತೆಗೇ ಹೋಯಿತು.

ಉದ್ಯಮಿಗಳ ಮಾತು ಪೂರಾ ಸುಳ್ಳೆಂದು ನಾನು ಹೇಳುವುದಿಲ್ಲ. ನಾನೂ ನಾಲ್ಕು ಜನರಿಗೆ ಸಂಬಳ ಕೊಡುವವನೇ. ಮೆಷಿನ್ ನಿಂತ ದಿನದ ನಷ್ಟ ನನಗೆ ಗೊತ್ತು. ಆದರೆ ಕೊರಿಯನ್ ಭಾಷಾಭಿಮಾನಿಗಳು ಕೇಳಿದ ಪ್ರಶ್ನೆ ಬೇರೆ: ಲೆಕ್ಕ ಸರಿಪಡಿಸಬೇಕಾದಾಗ ಮೊದಲು ಕೈ ಬೀಳುವುದು ಭಾಷೆಯ ದಿನದ ಮೇಲೆಯೇ ಏಕೆ?

ಅವರು ಬಿಡಲಿಲ್ಲ. ಸಂಸತ್ತಿನ ಬಾಗಿಲು ತಟ್ಟಿದರು. 2005ರ ಡಿಸೆಂಬರಿನಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಹಂಗುಲ್ ದಿನವನ್ನು ಐದನೆಯ ರಾಷ್ಟ್ರೀಯ ದಿನವಾಗಿ ಸೇರಿಸಿತು. ಗೌರವ ಬಂತು, ರಜೆ ಬರಲಿಲ್ಲ! ಏಕೆಂದರೆ ರಜೆಯ ಪಟ್ಟಿ ಇನ್ನೂ ಸರ್ಕಾರದ ಆದೇಶದಲ್ಲೇ ಇತ್ತು. ವಾರಕ್ಕೆ ಐದು ದಿನದ ಕೆಲಸ 2004ರಿಂದ ಹಂತ ಹಂತವಾಗಿ ಬರುತ್ತಿದ್ದ ಕಾಲ ಅದು. ಮತ್ತೊಂದು ರಜೆ ಬೇಡವೆಂಬ ವಾದಕ್ಕೆ ಬಲವಿತ್ತು. ಮತ್ತೆ ಏಳು ವರ್ಷ ಒತ್ತಾಯ ನಡೆಯಿತು. 2012ರ ಕೊನೆಗೆ ಸರ್ಕಾರ ಆದೇಶ ತಿದ್ದಿತು. 2013ರ ಅಕ್ಟೋಬರ್ 9 ಮತ್ತೆ ರಜೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2021ರಲ್ಲಿ ಸಂಸತ್ತು ಸಾರ್ವಜನಿಕ ರಜೆಗಳಿಗೇ ಒಂದು ಕಾಯ್ದೆ ಮಾಡಿ, ಹಂಗುಲ್ ದಿನವನ್ನು ಅದರಲ್ಲಿ ಬರೆಯಿತು. ಆ ವರ್ಷ ಅಕ್ಟೋಬರ್ 9 ಶನಿವಾರ ಬಂದಾಗ ಸೋಮವಾರ ಬದಲಿ ರಜೆಯೂ ಸಿಕ್ಕಿತು. ಈಗ ಅದನ್ನು ಕಿತ್ತುಕೊಳ್ಳಬೇಕಾದರೆ ಮುಚ್ಚಿದ ಬಾಗಿಲಿನ ಹಿಂದೆ ಒಂದು ಸಹಿ ಸಾಲದು. ಸಂಸತ್ತಿನಲ್ಲಿ ಎಲ್ಲರೆದುರು ಚರ್ಚಿಸಿ ಕಾಯ್ದೆ ತಿದ್ದಬೇಕು.

ತರುಣರೇ, ಇದರಲ್ಲಿ ನಿಮಗೆ ಪಾಠವಿಲ್ಲವೇ? ಕೂಗಿ ಕೇಳುವುದು ಅರ್ಧ ಕೆಲಸ. ಕೇಳಿದ್ದು ಯಾವ ಕಾಗದದಲ್ಲಿ ಬರೆಯಲ್ಪಟ್ಟಿದೆ, ಅದನ್ನು ಅಳಿಸುವ ಅಧಿಕಾರ ಯಾರಿಗಿದೆ ಎಂದು ತಿಳಿಯುವುದು ಉಳಿದರ್ಧ. ನಮ್ಮ ರಾಜ್ಯದಲ್ಲೂ ಕೈಗಾರಿಕಾ ಸಂಸ್ಥೆಗಳ ರಜೆಗೆಂದು 1963ರ ಕಾಯ್ದೆಯಿದೆ. ನವೆಂಬರ್ 1 ಅದರಲ್ಲಿ ಸೇರಿದೆ. ಕಂಪನಿಗಳಲ್ಲಿ ದುಡಿಯುವ ನಿಮ್ಮಲ್ಲಿ ಎಷ್ಟು ಜನ ಅದನ್ನು ಓದಿದ್ದೀರಿ? ಮೊದಲು ಓದಿ. ಓದಿದವನ ಮಾತಿಗೆ ಮ್ಯಾನೇಜರೂ ಕಿವಿಗೊಡುತ್ತಾನೆ, ಮಂತ್ರಿಯೂ ಕಿವಿಗೊಡುತ್ತಾನೆ.