ಚಿತ್ರದ ಹಿಂಬದಿಯ ಬರಹ

(ಯಾದಗಿರಿಯ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರತಿ ವರ್ಷ ಸೆಪ್ಟೆಂಬರ್ 17 ಬಂದೊಡನೆ ನಮ್ಮ ಭಾಗದ ಪತ್ರಿಕೆಗಳಲ್ಲೂ ಫಲಕಗಳಲ್ಲೂ ಒಂದೇ ಚಿತ್ರ ಕಾಣಿಸಿಕೊಳ್ಳುತ್ತದೆ. ವಿಮಾನ ನಿಲ್ದಾಣದಲ್ಲಿ ಹೈದರಾಬಾದಿನ ನಿಜಾಮರು ಸರ್ದಾರ್ ಪಟೇಲರ ಎದುರು ಕೈಜೋಡಿಸಿ ನಿಂತಿರುವ ಚಿತ್ರ. 2019ರವರೆಗೆ ಆ ದಿನವನ್ನು ವಿಮೋಚನಾ ದಿನವೆಂದೂ ಆ ಬಳಿಕ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆಚರಿಸಲಾಯಿತು. ಹೆಸರು ಬದಲಾಯಿತು, ಚಿತ್ರ ಬದಲಾಗಲಿಲ್ಲ. ಆ ಚಿತ್ರ ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ 1948ರಲ್ಲಿ ಯಾದಗಿರಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು ಯಾರು, ಶಹಾಪುರದ ಸಂತೆಯಲ್ಲಿ ಕಾಳು ಅಳೆಯುತ್ತಿದ್ದವರು ಯಾರು, ಸುರಪುರದ ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ನಿಂತವರು ಯಾರು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಉತ್ತರವಿರುವುದು ನಮ್ಮ ಮನೆಗಳ ಟ್ರಂಕುಗಳಲ್ಲಿ, ಹಳೆಯ ಶಾಲೆಗಳ ಬೀರುಗಳಲ್ಲಿ, ಮುಚ್ಚಿಹೋದ ಸ್ಟುಡಿಯೋಗಳ ಅಟ್ಟಗಳಲ್ಲಿ. ಇಂದಿನ ಮಾತು ಅವುಗಳ ಕುರಿತು.

ಮೊದಲು ಸ್ವಲ್ಪ ದೂರ ಹೋಗಿಬರೋಣ. ಅಮೆರಿಕದ ಅಂತರ್ಯುದ್ಧದ ಆಸುಪಾಸಿನಲ್ಲಿ ಮತ್ತು ಅದರ ನಂತರ, ಬಿಳಿಯರ ಕಾಲೇಜುಗಳಿಗೆ ಪ್ರವೇಶವಿಲ್ಲದ ಕಪ್ಪು ಜನರಿಗಾಗಿ ಅಲ್ಲಿ ಪ್ರತ್ಯೇಕ ವಿದ್ಯಾಸಂಸ್ಥೆಗಳು ಹುಟ್ಟಿದವು. ಹ್ಯಾಂಪ್ಟನ್, ಫಿಸ್ಕ್, 1881ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಆರಂಭಿಸಿದ ಟಸ್ಕೆಗೀ ಅವುಗಳಲ್ಲಿ ಕೆಲವು. ಅವುಗಳ ಗ್ರಂಥಾಲಯಗಳಲ್ಲಿ ಲಕ್ಷಾಂತರ ಛಾಯಾಚಿತ್ರಗಳು ಶೇಖರವಾದವು. ಹಣವಿಲ್ಲ, ತಂಪು ಕೋಣೆಗಳಿಲ್ಲ, ತರಬೇತಿ ಪಡೆದ ಸಿಬ್ಬಂದಿ ಸಾಲದು. 2002ರಲ್ಲಿ ಈ ಗ್ರಂಥಾಲಯಗಳು ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ಛಾಯಾಚಿತ್ರ ಸಂರಕ್ಷಣೆ ಅದರ ಮುಖ್ಯ ಕೆಲಸಗಳಲ್ಲೊಂದಾಯಿತು. 2021ರಲ್ಲಿ ಗೆಟ್ಟಿ ಇಮೇಜಸ್ ಎಂಬ ದೊಡ್ಡ ಕಂಪನಿ ಈ ಕಾಲೇಜುಗಳ ಚಿತ್ರಗಳನ್ನು ಡಿಜಿಟಲ್ ಮಾಡಲು ಅನುದಾನ ಘೋಷಿಸಿತು. ಕ್ಲಾಫ್ಲಿನ್, ಜಾಕ್ಸನ್ ಸ್ಟೇಟ್ ಮುಂತಾದ ಸಂಸ್ಥೆಗಳು ಅದನ್ನು ಸ್ವೀಕರಿಸಿದವು. ಹಕ್ಕುಸ್ವಾಮ್ಯ ಮಾತ್ರ ಕಾಲೇಜುಗಳಲ್ಲೇ ಉಳಿಯಿತು. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇದಕ್ಕಿಂತ ಒಂದು ಶತಮಾನ ಮೊದಲು, 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ, ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಡಬ್ಲ್ಯು.ಇ.ಬಿ. ಡು ಬೋಯಿಸ್ 363 ಛಾಯಾಚಿತ್ರಗಳನ್ನು ಆಲ್ಬಮ್ಮುಗಳಲ್ಲಿ ಜೋಡಿಸಿದರು. ಕಪ್ಪು ಜನರೆಂದರೆ ಅಪರಾಧಿಗಳು, ಕೂಲಿಗಳು ಎಂದು ಬಿಂಬಿಸುತ್ತಿದ್ದ ಕಾಲವದು. ಅವರು ತೋರಿಸಿದ್ದು ಕೋಟು ತೊಟ್ಟ ಯುವಕರನ್ನು, ಓದುತ್ತಿರುವ ಯುವತಿಯರನ್ನು, ಅಂಗಡಿಗಳನ್ನು, ಮನೆಗಳನ್ನು. ಆ ಆಲ್ಬಮ್ಮುಗಳು ಇಂದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸುರಕ್ಷಿತವಾಗಿವೆ. ಆದರೆ ಬಹುಪಾಲು ಭಾವಚಿತ್ರಗಳಿಗೆ ಹೆಸರಿಲ್ಲ. ಕೆಲವರನ್ನಷ್ಟೇ ಸಂಶೋಧಕರು ಬಹಳ ಕಾಲದ ಮೇಲೆ ಗುರುತಿಸಿದ್ದಾರೆ. ಕಾಗದ ಉಳಿಯಿತು, ಮುಖ ಉಳಿಯಿತು, ವ್ಯಕ್ತಿ ಉಳಿಯಲಿಲ್ಲ. ನಮ್ಮನ್ನು ಕಾಡುವ ವಿಷಯ ಇದೇ.

ನಮ್ಮ ನಾಡಿಗೆ ಕ್ಯಾಮರಾ ಬಂದಾಗ ಅದೂ ಹೆಸರು ಕೇಳುವ ಸಾಧನವಾಗಿ ಬರಲಿಲ್ಲ. 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಬಂದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಸರಕಾರಿ ಗ್ರಂಥ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ವಿಂಗಡಿಸಿತು. ಸುರಪುರಕ್ಕೂ ಆ ಆರಂಭದ ಕಾಲದೊಡನೆ ಒಂದು ನಂಟುಂಟು. ಬಾಲ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ, 1840ರ ದಶಕದಲ್ಲಿ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್‌ರನ್ನು ನೀವೆಲ್ಲ ಬಲ್ಲಿರಿ. ಅವರ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಇದೆ. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಛಾಯಾಚಿತ್ರ ಗ್ರಂಥಕ್ಕೆ ಐತಿಹಾಸಿಕ ವಿವರಣೆ ಬರೆದವರು ಇದೇ ಟೇಲರ್. ಗುಡಿಗಳು, ಮಸೀದಿಗಳು, ಕಂಬಗಳು ಆ ಕಾಲದ ಕ್ಯಾಮರಾಗೆ ಹೆಸರಿನೊಂದಿಗೆ ಸಿಕ್ಕವು. ಕಂಬದ ಪಕ್ಕ ಅಳತೆಗೆಂದು ನಿಲ್ಲಿಸಿದ ಮನುಷ್ಯನ ಹೆಸರನ್ನು ಯಾರು ಕೇಳಬೇಕು?

ಹೈದರಾಬಾದ್ ಸಂಸ್ಥಾನದ ದೊಡ್ಡವರ ಚಿತ್ರಗಳಿಗೆ ಆಶ್ರಯ ಸಿಕ್ಕಿದೆ. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್‌ದಯಾಳ್ ಅವರ ಗಾಜಿನ ನೆಗೆಟಿವ್‌ಗಳ ಭಾರಿ ಸಂಗ್ರಹವನ್ನು 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಪಡೆದುಕೊಂಡಿತು. ನವಾಬರ ಬೇಟೆ, ವೈಸರಾಯರ ಭೋಜನ ಎಲ್ಲವೂ ಭದ್ರ. ಸಾಮಾನ್ಯರದ್ದೇ ಪ್ರಶ್ನೆ.

ಆ ಸಾಮಾನ್ಯರ ಚಿತ್ರಗಳಿಗೆ ಎರಡು ಬಾರಿ ಪೆಟ್ಟು ಬಿದ್ದಿದೆ ಎಂಬುದು ನಮ್ಮ ಅನಿಸಿಕೆ. ಮೊದಲನೆಯದು 1948. ರಜಾಕಾರರ ದೌರ್ಜನ್ಯವೂ ಪೊಲೀಸ್ ಕಾರ್ಯಾಚರಣೆಯ ನಂತರದ ಹಿಂಸೆಯೂ ಈ ಪ್ರದೇಶವನ್ನು ಕಂಗೆಡಿಸಿದವು. ಪಂಡಿತ್ ಸುಂದರಲಾಲ್ ಸಮಿತಿಯು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಹೆಸರಿಸಿತು. ಆ ವರದಿ ಹಲವು ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಅಂಥ ಹೊತ್ತಿನಲ್ಲಿ ಟೋಪಿ, ಶೇರ್ವಾನಿ, ಸರಕಾರಿ ಪಟ್ಟಿ ತೊಟ್ಟ ಚಿತ್ರವನ್ನು ಮನೆಯ ಗೋಡೆಯ ಮೇಲೆ ಇಟ್ಟುಕೊಳ್ಳುವ ಧೈರ್ಯ ಎಷ್ಟು ಮಂದಿಗಿದ್ದೀತು? ಎರಡನೆಯ ಪೆಟ್ಟು ಸದ್ದಿಲ್ಲದ್ದು. ಹಳೆಯ ಮನೆ ಕೆಡವಿ ಹೊಸ ಮನೆ ಕಟ್ಟುವಾಗ ಗುಜರಿಗೆ ಹೋಗುವ ಟ್ರಂಕು.

ಇಲ್ಲಿ ಒಂದು ಮಾತು. ಚಿತ್ರಗಳ ಬಗ್ಗೆ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಹಜ್ಜಿನ ಪಾಸ್‌ಪೋರ್ಟಿಗೆ ಚಿತ್ರ ತೆಗೆಸಿಕೊಂಡವರೂ ಗೋಡೆಯ ಮೇಲೆ ಚಿತ್ರ ತೂಗುಹಾಕಲು ಒಪ್ಪದ ಮನೆಗಳುಂಟು. ಆ ಚರ್ಚೆಯನ್ನು ಇಂದು ಬಿಚ್ಚುವುದಿಲ್ಲ. ಆದರೆ ಸೋಜಿಗ ನೋಡಿ: ಗೋಡೆಯಿಂದ ಇಳಿದು ಟ್ರಂಕಿನ ಕತ್ತಲಿಗೆ ಹೋದ ಚಿತ್ರವೇ ಚೆನ್ನಾಗಿ ಉಳಿದಿರುತ್ತದೆ. ಬೆಳಕು ಛಾಯಾಚಿತ್ರದ ಶತ್ರು. ತೂಗುಹಾಕಿದ್ದು ಮಾಸುತ್ತದೆ, ಗಾಜಿಗೆ ಅಂಟಿಕೊಳ್ಳುತ್ತದೆ, ಮಳೆಗಾಲದ ಗೋಡೆಯ ತೇವ ಹೀರುತ್ತದೆ.

ಈಗ ಹಿಂಬದಿಯ ವಿಷಯಕ್ಕೆ ಬರೋಣ. 1948ರವರೆಗೆ ಈ ಮೂರೂ ಊರುಗಳ ಕಚೇರಿ ಭಾಷೆ ಉರ್ದು, ಶಾಲೆಯ ಕಲಿಕೆಯ ಭಾಷೆಯೂ ಹೆಚ್ಚಾಗಿ ಅದೇ. ಲಿಂಗಾಯತರ ಮನೆಯ ಚಿತ್ರವಾಗಲಿ, ಬ್ರಾಹ್ಮಣರ ಮನೆಯದಾಗಲಿ, ಬೇಡ ನಾಯಕರ ಮನೆಯದಾಗಲಿ, ಕಲಿತವರು ಹಿಂಬದಿಯಲ್ಲಿ ಬರೆಯುತ್ತಿದ್ದುದು ಉರ್ದುವಿನಲ್ಲಿಯೂ ಇರಬಹುದು. ಆ ಉರ್ದು ಮುಸ್ಲಿಮರ ಸ್ವತ್ತಾಗಿರಲಿಲ್ಲ, ಊರಿನ ಸ್ವತ್ತಾಗಿತ್ತು. ಇಂದು ಅವರ ಮೊಮ್ಮಕ್ಕಳಿಗೆ ಅದು ಗೀಚಿದ ಗೆರೆ. ನಮ್ಮ ಮಕ್ಕಳಿಗೂ ಕೈಬರಹದ ಶಿಕಸ್ತಾ ಓದಲು ಬರುವುದು ಅಪರೂಪ.

ತಾರೀಖಿನದು ಇನ್ನೊಂದು ತೊಡಕು. ಸಂಸ್ಥಾನದ ಆಡಳಿತ ವರ್ಷ ಫಸಲಿ. ಅದು ಅಕ್ಟೋಬರಿನಲ್ಲಿ ಆಜುರ್ ತಿಂಗಳಿಂದ ಆರಂಭವಾಗುತ್ತಿತ್ತು. ಒಂದು ಚಿತ್ರದ ಹಿಂದೆ 'ಅಮರ್ದಾದ್ 1345' ಎಂದಿದೆಯೆನ್ನಿ. ಹಿಜರಿ ಎಂದು ತಿಳಿದರೆ 1926-27 ಎಂದಾಗುತ್ತದೆ. ಆದರೆ ಅಮರ್ದಾದ್ ಫಸಲಿಯ ತಿಂಗಳು. ಆಜುರ್, ದೈ, ಬಹ್ಮನ್ ತಿಂಗಳಾದರೆ ಫಸಲಿಗೆ 590 ಕೂಡಿಸಬೇಕು, ಮುಂದಿನ ತಿಂಗಳುಗಳಿಗೆ 591. ಅಂದರೆ ಆ ಚಿತ್ರ 1936ರ ಜೂನ್ ಸುಮಾರಿನದು. ಹತ್ತು ವರ್ಷದ ವ್ಯತ್ಯಾಸದಲ್ಲಿ ಮಗ ತಂದೆಯಾಗಿಬಿಡುತ್ತಾನೆ! ಉರ್ದು, ಫಾರಸಿ ಕಲಿತು ಏನು ಪ್ರಯೋಜನವೆಂದು ಮದ್ರಸಾದ ಹುಡುಗರನ್ನು ಕೇಳುವವರು ಬಹಳ. ಇಗೋ ಒಂದು ಕೆಲಸ. ನೆರೆಮನೆಯ ಹಿಂದೂ ಸಹೋದರನಿಗೆ ಅವನ ಮುತ್ತಾತನ ಹೆಸರನ್ನು ಓದಿ ಹೇಳಬಲ್ಲವರು ಈ ಹುಡುಗರು.

ಆದ್ದರಿಂದ ನಮ್ಮ ಅಭಿಪ್ರಾಯದಲ್ಲಿ ಸ್ಕ್ಯಾನರಿಗಿಂತ ಮೊದಲು ಬೇಕಾದುದು ಹಿರಿಯರ ಬಳಿ ಕೂರುವ ವ್ಯವಧಾನ. ಕಾಗದ ಇನ್ನೂ ಇಪ್ಪತ್ತು ವರ್ಷ ತಾಳೀತು; ಅದರಲ್ಲಿರುವವರನ್ನು ಗುರುತಿಸಬಲ್ಲ ಎಂಬತ್ತೈದರ ಅಜ್ಜಿ ತಾಳುವರೇ? ಹೇಳಿದ್ದನ್ನು ಹಿಂಬದಿಯ ಅಂಚಿನಲ್ಲಿ ಮೆದು ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಖಕ್ಕೆ ಮೂಡುತ್ತದೆ, ಶಾಯಿ ಹರಡುತ್ತದೆ. ಲ್ಯಾಮಿನೇಶನ್ ಅಂತೂ ಸರ್ವಥಾ ಬೇಡ, ಹಿಂದಿರುಗಿ ಬಿಡಿಸಲಾಗದು. 1970-80ರ ದಶಕಗಳ ಅಂಟು ಹಾಳೆಯ ಆಲ್ಬಮ್ಮುಗಳು ಚಿತ್ರವನ್ನು ತಿನ್ನುತ್ತಿವೆ. ಸುಲಭವಾಗಿ ಬಿಟ್ಟರೆ ತೆಗೆಯಿರಿ, ಬಿಡದಿದ್ದರೆ ಕೀಳದೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿಸಿ. ಫಿಲ್ಮ್ ನೆಗೆಟಿವ್‌ಗಳಿಂದ ವಿನಿಗರ್ ವಾಸನೆ ಬಂದರೆ ಅವು ಕೊಳೆಯತೊಡಗಿವೆ ಎಂದರ್ಥ. ಉಳಿದವುಗಳಿಂದ ದೂರವಿಟ್ಟು ಮೊದಲು ಅವನ್ನೇ ಪ್ರತಿ ಮಾಡಿಸಬೇಕು. ನಮ್ಮ ಬೇಸಗೆ ನಲವತ್ತು ಡಿಗ್ರಿ ದಾಟುವಂಥದ್ದು. ತಗಡಿನ ಮಾಡಿನ ಅಟ್ಟಕ್ಕಿಂತ ಕೆಳಮನೆಯ ಒಳಕೋಣೆಯ ಬೀರು ಉತ್ತಮ. ಸ್ಕ್ಯಾನ್ ಮಾಡುವಾಗ ಎರಡೂ ಬದಿ ಮಾಡಿ. ಇದನ್ನು ಎಲ್ಲರೂ ಮರೆಯುತ್ತಾರೆ. ವಾಟ್ಸಾಪಿನಲ್ಲಿ ಹರಿದಾಡುವ ಕುಗ್ಗಿದ ಪ್ರತಿಯನ್ನು ಸಂಗ್ರಹವೆಂದು ಭಾವಿಸಬೇಡಿ.

ಮಹಿಳೆಯರ ಚಿತ್ರಗಳಿಗೆ ಮನೆಯವರ ಒಪ್ಪಿಗೆ ಕಡ್ಡಾಯವಾಗಬೇಕು. ಇದೆಯೆಂದು ಪಟ್ಟಿಯಲ್ಲಿ ದಾಖಲಿಸಿ, ಯಾರಿಗೂ ತೋರಿಸದೆ ಇಡಲು ಸಾಧ್ಯವಿದೆ.

ಹಣದ ಪ್ರಶ್ನೆ ಬರುತ್ತದೆ. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಯಿತು. 371ಜೆ ವಿಧಿಯಿಂದಾಗಿ 2013ರಿಂದ ಪ್ರದೇಶಾಭಿವೃದ್ಧಿ ಮಂಡಳಿಯೂ ಬಂದಿತು. ಶಾದಿಮಹಲು, ಸಮುದಾಯ ಭವನಗಳಿಗೆ ಮನವಿ ಹಿಡಿದು ಹೋಗುವ ನಮ್ಮ ನಾಯಕರು ಒಂದು ಸ್ಕ್ಯಾನರಿಗೂ ಎರಡು ಬೀರುಗಳಿಗೂ ಮನವಿ ಕೊಟ್ಟದ್ದನ್ನು ನಾವು ಕೇಳಿಲ್ಲ. ಹೊರಗಿನ ನೆರವೂ ಇದೆ. ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆ 2004ರಿಂದ ನಡೆದುಬಂದಿದೆ. ಅದರ ಸಹಾಯದಿಂದ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಡಿಜಿಟಲ್ ಮಾಡಿತು. ಯಾರಿಂದ ನೆರವು ಪಡೆದರೂ ಮೂಲ ಚಿತ್ರ ಮನೆಯಲ್ಲೇ, ಹಕ್ಕು ಮನೆಯವರಲ್ಲೇ ಇರತಕ್ಕದ್ದು. ಆ ಕಪ್ಪು ಜನರ ಕಾಲೇಜುಗಳು ಇದರಲ್ಲಿ ಜಾಣತನ ತೋರಿದವು.

ಮೂರೂ ಊರುಗಳಲ್ಲಿ ತಿಂಗಳಿಗೊಂದು ದಿನ, ಗ್ರಂಥಾಲಯದಲ್ಲೋ ಶಾಲೆಯ ಕೋಣೆಯಲ್ಲೋ ಒಂದು ಮೇಜು ಹಾಕೋಣ. ಉರ್ದು ಕೈಬರಹ ಓದಬಲ್ಲ ಒಬ್ಬರು, ಕನ್ನಡದಲ್ಲಿ ಬರೆದುಕೊಳ್ಳುವ ಒಬ್ಬರು, ಸ್ಕ್ಯಾನರಿನ ಮುಂದೆ ಒಬ್ಬರು ಕೂರಲಿ. ಸಾಧ್ಯವಾದರೆ ಮನೆಯ ಹಿರಿಯರನ್ನು ಜೊತೆಗೇ ಕರೆತನ್ನಿ, ಅವರಿಗೆ ಕುರ್ಚಿಯೂ ಚಹಾವೂ ಇರುತ್ತದೆ. ಚಿತ್ರಗಳನ್ನು ಚೌಕಟ್ಟಿನಿಂದ ಬಿಚ್ಚದೆ, ಒರೆಸದೆ, ಹತ್ತಿಬಟ್ಟೆಯಲ್ಲಿ ಸುತ್ತಿ ಹೇಗಿವೆಯೋ ಹಾಗೆಯೇ ತನ್ನಿ.