ಸಿದ್ದಿಗಳು: ಆವರಣದೊಳಗಿನ ಮಾನ್ಯತೆ

(ಪುಣೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಪುಣೆಯಲ್ಲಿ ನೆಲೆಸಿದ ನಮಗೆ ಮಲಿಕ್ ಅಂಬರನ ಹೆಸರು ಅಪರಿಚಿತವಲ್ಲ. ಆಫ್ರಿಕದಿಂದ ಗುಲಾಮನಾಗಿ ಬಂದು, ಅಹಮದನಗರದ ನಿಜಾಮಶಾಹಿಯ ಸೂತ್ರ ಹಿಡಿದು, 1626ರಲ್ಲಿ ಕಾಲವಾದವನು ಆತ. ಜಂಜಿರಾದ ಸಿದ್ದಿ ನವಾಬರ ಕೋಟೆಯನ್ನೂ ನಮ್ಮಲ್ಲಿ ಹಲವರು ಕಂಡಿದ್ದೇವೆ. ಆದರೆ ಅದೇ ಖಂಡದ ಮೂಲದವರಾಗಿ ಉತ್ತರ ಕನ್ನಡದ ಕಾಡುಗಳಲ್ಲಿ ಬಾಳುತ್ತಿರುವ ಸಿದ್ದಿಗಳನ್ನು ನಾವೆಷ್ಟು ಬಲ್ಲೆವು?

ಇವರ ಪೂರ್ವಜರಲ್ಲಿ ಬಹುಮಂದಿ ಪೋರ್ಚುಗೀಸರು ಗೋವೆಗೆ ತಂದ ಗುಲಾಮರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರೆಂಬುದು ಇತಿಹಾಸಜ್ಞರ ಮತ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳಲ್ಲಿ ಇಂದು ಹಿಂದೂ, ಕ್ರೈಸ್ತ, ಮುಸ್ಲಿಂ ಸಿದ್ದಿಗಳಿದ್ದಾರೆ. ಮತ ಮೂರಾದರೂ ಜನ ಒಂದೇ.

ಸಂವಿಧಾನದ 342ನೆಯ ವಿಧಿಯ ಪ್ರಕಾರ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಸಂಸತ್ತಿನದು. ಸೌರಾಷ್ಟ್ರದ ಸಿದ್ದಿಗಳು ಬಹಳ ಹಿಂದೆಯೇ ಆ ಪಟ್ಟಿಯಲ್ಲಿದ್ದರು. ನಮ್ಮವರು ಸಂಘಟಿತರಾಗಿ ದೀರ್ಘಕಾಲ ಹೋರಾಡಿ 2003ರಲ್ಲಿ ಅದನ್ನು ಪಡೆದರು. ಆದರೆ ಹೆಸರಿನ ಮುಂದೆ ಆವರಣದೊಳಗೆ ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂಬ ಮಾತು ಸೇರಿತ್ತು. ಜಿಲ್ಲೆಯ ಗಡಿ ದಾಟಿದರೆ ಧಾರವಾಡ ಜಿಲ್ಲೆ, ಬೆಳಗಾವಿ ಜಿಲ್ಲೆ. ಅಲ್ಲಿನ ಸಿದ್ದಿಯು ಕಾನೂನಿನ ಕಣ್ಣಿಗೆ ಬುಡಕಟ್ಟಿನವನೇ ಅಲ್ಲ! ಈ ಎರಡು ಜಿಲ್ಲೆಗಳ ಸೇರ್ಪಡೆಗೆ 2020ರವರೆಗೆ, ಎಂದರೆ ಹದಿನೇಳು ವರ್ಷ, ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಈ ವಿಳಂಬದ ಬೆಲೆ ಏನು? 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೋಡಿ. ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲು ಭೂಮಿ ತನ್ನ ಸ್ವಾಧೀನದಲ್ಲಿತ್ತೆಂದು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಯು ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸವನ್ನು ಸಿದ್ಧಪಡಿಸಬೇಕು. ಸೇವಾವಧಿಯುದ್ದಕ್ಕೂ ಕಡತಗಳ ನಡುವೆಯೇ ಬಾಳಿದ ನಾನು ಬಲ್ಲೆ: ಕಾಗದ ಬಲ್ಲವನಿಗೇ ಅದು ಕಷ್ಟ, ಗುಡಿಸಲಿನಲ್ಲಿ ಬದುಕಿದವನು ಅಜ್ಜನ ಕಾಲದ ದಾಖಲೆಯನ್ನು ಎಲ್ಲಿಂದ ತಂದಾನು?

ಈ ಮಾತು ಹೊರನಾಡಿನ ನಮಗೂ ಸಂಬಂಧಿಸಿದ್ದು. ಪಂಗಡದ ಮಾನ್ಯತೆ ಆಯಾ ರಾಜ್ಯಕ್ಕೆ ಸೀಮಿತವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಸ್ಪಷ್ಟಪಡಿಸಿದೆ. ಕೂಲಿ ಅರಸಿ ಇಲ್ಲಿಗೆ ಬರುವ ಸಿದ್ದಿಗೆ ಮಹಾರಾಷ್ಟ್ರದ ಮೀಸಲಾತಿ ತಾನಾಗಿ ದೊರೆಯದು. ಆದರೆ ತಂದೆಯ ಮೂಲ ಪ್ರಮಾಣಪತ್ರವಿದ್ದರೆ ಅವನ ಮಕ್ಕಳಿಗೆ ಕೇಂದ್ರದ ಹುದ್ದೆಗಳ ಬಾಗಿಲು ಮುಚ್ಚಿಲ್ಲ. ಇದನ್ನು ಅವರಿಗೆ ತಿಳಿಸುವವರು ಯಾರು? ಅರ್ಜಿ ಬರೆದುಕೊಡುವವರು ಯಾರು?

ಗಡಿರೇಖೆಯಿಂದ ಮನುಷ್ಯನ ಗುರುತು ಹೇಗೆ ಬದಲಾಗುತ್ತದೆಂಬುದನ್ನು ಹೊರನಾಡ ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಸಂಘದ ಕಚೇರಿಯಲ್ಲಿ ವಾರಕ್ಕೊಂದು ಸಂಜೆಯನ್ನು ಇಂಥ ಅರ್ಜಿಗಳಿಗೆ ಮೀಸಲಿಡೋಣವೆಂದು ವಿನಂತಿಸಿ ವಿರಮಿಸುತ್ತೇನೆ.