ಹಬ್ಸಿಕೋಟ, ಜಾಝ್ ಮತ್ತು ಜೋಳದ ರೊಟ್ಟಿ



ಬೀದರ ನಗರದಲ್ಲಿ ಹಬ್ಸಿಕೋಟ ಎಂಬ ದಿಣ್ಣೆಯಿದೆ. ಅದರ ಮೇಲೆ ಹಳೆಯ ಗೋರಿಗಳಿವೆ. ಅಬಿಸೀನಿಯದಿಂದ, ಎಂದರೆ ಇಂದಿನ ಇಥಿಯೋಪಿಯದ ಸೀಮೆಯಿಂದ, ಬಹುಮಟ್ಟಿಗೆ ಗುಲಾಮರಾಗಿ ಬಂದು ಬಹಮನಿ ಅರಸರ ಆಳ್ವಿಕೆಯಲ್ಲಿ ಸೈನಿಕರೂ ಸರದಾರರೂ ಆದವರನ್ನು ಹಬ್ಸಿಗಳೆನ್ನುತ್ತಿದ್ದರು. ದಿಣ್ಣೆಯ ಹೆಸರು ಅವರ ಗುರುತು. ಆದರೆ ಜನರ ಬಾಯಲ್ಲಿ ಆ ಪದವು ಕಪ್ಪು ಮೈಬಣ್ಣದವರನ್ನು ಹೀಯಾಳಿಸುವ ಮಾತೂ ಆಗಿದೆ.

ಭಾಲ್ಕಿಯಲ್ಲಿ ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಬ್ಬ ವಿದ್ಯಾರ್ಥಿಯನ್ನು ಸಹಪಾಠಿಗಳು ಹಬ್ಸಿಯೆಂದು ಕೂಗಿದರು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮರುದಿನದಿಂದ ಆ ಹುಡುಗ ಕಡೆಯ ಬೆಂಚಿಗೆ ಸರಿದು ಕುಳಿತ. ಕಂಡೂ ಸುಮ್ಮನಿದ್ದೆ.

ನಿವೃತ್ತನಾದ ಮೇಲೆ ಗೆಳೆಯರೊಬ್ಬರು ಅಮೆರಿಕದ ಪಿಯಾನೋ ವಾದಕ ರ‍್ಯಾಂಡಿ ವೆಸ್ಟನ್ (1926–2018) ಅವರ ಜಾಝ್ ಸಂಗೀತವನ್ನು ಕೇಳಿಸಿದರು. ನ್ಯೂ ಆರ್ಲಿಯನ್ಸ್ ನಗರದ ಕಾಂಗೊ ಚೌಕದಲ್ಲಿ ಆಫ್ರಿಕದ ಗುಲಾಮರು ಭಾನುವಾರಗಳಂದು ನೆರೆದು ಮದ್ದಳೆ ಬಾರಿಸುತ್ತಿದ್ದರು, ಕುಣಿಯುತ್ತಿದ್ದರು, ತಿಂಡಿತಿನಿಸು ಮಾರುತ್ತಿದ್ದರು. ಮುಂದೆ ಜಾಝ್ ರೂಪುಗೊಂಡದ್ದು ಆ ನಗರದಲ್ಲಿಯೇ. ವೆಸ್ಟನ್ನರ ತಂದೆ ಬ್ರೂಕ್ಲಿನ್ನಿನಲ್ಲಿ ಖಾನಾವಳಿ ನಡೆಸುತ್ತಿದ್ದರು. ಹೆಸರಾಂತ ವಾದಕರು ಅಲ್ಲಿಗೆ ಬರುತ್ತಿದ್ದರು. ತಾನು ಅಮೆರಿಕದಲ್ಲಿ ಹುಟ್ಟಿದ ಆಫ್ರಿಕನ್ ಎಂಬುದನ್ನು ಮರೆಯದಂತೆ ಮಗನನ್ನು ಅವರು ಬೆಳೆಸಿದರು. ಆ ಮಗ 1960ರಲ್ಲಿ ‘ಉಹುರು ಆಫ್ರಿಕ’ ಎಂಬ ಕೃತಿಯನ್ನು ಧ್ವನಿಮುದ್ರಿಸಿದರು. ಉಹುರು ಎಂದರೆ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯ. ನೈಜೀರಿಯದ ಬಾಬಾತುಂಡೆ ಒಲಾತುಂಜಿ, ಕ್ಯೂಬದ ಕಾಂಡಿಡೊ ಕಾಮೆರೊ ಅದರಲ್ಲಿ ತಾಳವಾದ್ಯ ನುಡಿಸಿದ್ದಾರೆ.

ಆ ತಾಳವನ್ನು ಆಲಿಸುತ್ತ ನನಗೆ ನೆನಪಾದುದು ಔರಾದಿನ ನಮ್ಮ ಅಡುಗೆಮನೆ. ಅವ್ವ ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೇ ನಾವು ಏಳುತ್ತಿದ್ದೆವು. ಆ ಜೋಳದ ತವರು ಸುಡಾನಿನ ಸೀಮೆಯೆಂದು ನಾನು ತಿಳಿದದ್ದು ಬಹು ತಡವಾಗಿ. ಅದು ಸುಮಾರು 4000 ವರ್ಷಗಳ ಹಿಂದೆ ಭಾರತಕ್ಕೆ ಬಂದಿತು. ಸಜ್ಜೆ, ರಾಗಿ, ಅಲಸಂದಿಗಳ ಮೂಲವೂ ಆಫ್ರಿಕವೇ. ಇದೇ ಅಲಸಂದಿ ಗುಲಾಮರ ಹಡಗುಗಳ ಕಾಲದಲ್ಲಿ ಅಮೆರಿಕಕ್ಕೂ ಹೋಯಿತು. ಅಲ್ಲಿಯ ದಕ್ಷಿಣ ಸೀಮೆಯ ಕರಿಯರು ಅದನ್ನು ಅಕ್ಕಿಯೊಡನೆ ಬೇಯಿಸಿ ಉಂಡರು. ವೆಸ್ಟನ್ನರಂಥವರು ಆ ತವರನ್ನು ಹಾಡಿ ಹೊಗಳಿದರು. ನಾವು ಅದರ ಅನ್ನವನ್ನುಂಡು ಹೆಸರನ್ನು ಬೈಗುಳವಾಗಿಸಿದೆವು.

ನಮ್ಮ ನಾಡಿನಲ್ಲಿಯೂ ಈ ತಾಳ ಸತ್ತಿಲ್ಲ. ಯಲ್ಲಾಪುರ, ಹಳಿಯಾಳಗಳ ಕಡೆ ಆಫ್ರಿಕ ಮೂಲದ ಸಿದ್ದಿಗಳು ಇಂದಿಗೂ ಡಮಾಮಿ ಬಾರಿಸಿ ಕುಣಿಯುತ್ತಾರೆ. ಅವರ ಮನೆಮಾತುಗಳಲ್ಲಿ ಕನ್ನಡ, ಕೊಂಕಣಿ ಬೆರೆತಿವೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಆದರೂ ಪೇಟೆಗೆ ಬಂದ ಸಿದ್ದಿಯನ್ನು ಯಾವ ದೇಶದವನೆಂದು ಕೇಳುವವರಿದ್ದಾರೆ.

ಆ ವಿದ್ಯಾರ್ಥಿ ಈಗ ಎಲ್ಲಿರುವನೋ ಅರಿಯೆ. ಹಬ್ಸಿಕೋಟದ ಗೋರಿಗಳ ಕಥೆಯನ್ನೂ ತನ್ನ ಬುತ್ತಿಯ ರೊಟ್ಟಿಯ ಕಥೆಯನ್ನೂ ಆ ದಿನ ತರಗತಿಗೆ ಹೇಳಿದ್ದರೆ ಅವನು ಕಡೆಯ ಬೆಂಚಿಗೆ ಸರಿಯುತ್ತಿರಲಿಲ್ಲವೇನೋ. ಅಂದು ಹೇಳಬೇಕಾದುದನ್ನು ಇಂದು ಹೇಳಿದ್ದೇನೆ.